ಮೂಟೆಯ ಓಟ್ಸ್

ಮಗಳ ಸಾವಿನ ಸುದ್ದಿ ಬಂದಾಗ ತಾತ ಅಡುಗೆಮನೆಯ ಸ್ಟೂಲಿನ ಮುರಿದ ಕಾಲಿಗೆ ಮೊಳೆ ಹೊಡೆಯುತ್ತಿದ್ದರು. ಅವಳು ಕೆಲಸ ಮಾಡುತ್ತಿದ್ದ ಹೊಲಿಗೆ ಕಾರ್ಖಾನೆಯ ಮೇಲ್ವಿಚಾರಕಿ ಬಾಗಿಲಲ್ಲಿ ನಿಂತು, "ಯಜಮಾನ್ರೇ, ಮೊದ್ಲು ಆ ಸುತ್ತಿಗೆ ಕೆಳಗಿಡಿ" ಎಂದಳು. ಅಷ್ಟಕ್ಕೇ ಅವರಿಗೆ ಅರ್ಥವಾಯಿತು. ಯಂತ್ರದ ಮೇಲೆ ತಲೆಯಿಟ್ಟವಳು ಮತ್ತೆ ಏಳಲಿಲ್ಲವಂತೆ. ಮೂವತ್ತನಾಲ್ಕು ವರ್ಷದ ಗಟ್ಟಿ ಜೀವ, ಒಂದು ದಿನವೂ ಜ್ವರವೆಂದು ಮಲಗಿದವಳಲ್ಲ.

ಅಂದಿನಿಂದ ತಾತನ ಎದೆಯಲ್ಲಿ ಭಯ ಬಿಡಾರ ಹೂಡಿತು. ಹೀಗೂ ಆಗಬಹುದಾದರೆ ಇನ್ನೇನು ತಾನೆ ಆಗಬಾರದು? ಮೊಮ್ಮಗಳು ಒಮ್ಮೆ ಕೆಮ್ಮಿದರೂ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತಿತ್ತು. ಏಳು ವರ್ಷದ ಆ ಹುಡುಗಿ ಸಿಹಿ ಎಲ್ಲಿಟ್ಟರೂ ಹುಡುಕಿಕೊಂಡು ಹೋಗುತ್ತಿದ್ದುದರಿಂದ ಮನೆಯವರಿಗೆಲ್ಲ ಅವಳು 'ಇರುವೆ'. ಇರುವೆಗೆ ಕಡಲೆಬೀಜ ಆಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಯಾರೋ ಕೊಟ್ಟ ಬಿಸ್ಕತ್ತು ತಿಂದು ತುಟಿ ಊದಿ, ಗಂಟಲು ಕಟ್ಟಿ, ಮುಖ ನೀಲಿಗಟ್ಟಿತ್ತು. ಅವಳ ತಾಯಿ ಬರಿಗಾಲಲ್ಲಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದಳು. ಮಗುವಿನ ಗಂಟಲಿಂದ ಬಂದ ಆ ಸಿಳ್ಳೆಯಂಥ ಸದ್ದನ್ನು ತಾತ ಮರೆತಿರಲಿಲ್ಲ.

ಮನೆಯ ಬೆಳಗಿನ ತಿಂಡಿ ಗ್ರಾನೋಲಾ, ಓಟ್ಸ್ ಮತ್ತು ಬೀಜಗಳನ್ನು ಸಿಹಿ ಬೆರೆಸಿ ಹುರಿದದ್ದು. ಮಗಳು ಹದಿನೈದು ದಿನಕ್ಕೊಮ್ಮೆ ಮಾಡಿ ಡಬ್ಬಿ ತುಂಬಿಸಿಡುತ್ತಿದ್ದಳು. ಅವಳು ಹೋದ ಹದಿನೇಳನೆಯ ದಿನ ಆ ಡಬ್ಬಿಯ ತಳ ಕಂಡಿತು. ಅಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದ.

"ಆ ರೆಡಿಮೇಡ್ ಪೊಟ್ಟಣದ ಬೆಲೆ ನೋಡಿದ್ರೇನೇ ಹೊಟ್ಟೆ ತುಂಬುತ್ತೆ ಮಾವ. ತಿನ್ನೋದೇ ಬೇಡ."

"ನಾನು ಮಾಡ್ತೀನಿ ಬಿಡು. ಐವತ್ತು ವರ್ಷ ಮರ ಕೊಯ್ದೋನಿಗೆ ನಾಲ್ಕು ಬೀಜ ಹುರಿಯೋಕೆ ಬರಲ್ವಾ?"

ಅದೇ ದಿನ, ಭಾನುವಾರ, ಬೀದಿಯ ಮೂಲೆಯ ಅಂಗಡಿಯಿಂದ ಮೂಟೆಯಲ್ಲಿದ್ದ ಬಿಡಿ ಓಟ್ಸ್ ತಂದರು. ಪ್ಯಾಕೆಟ್ಟಿನದಕ್ಕಿಂತ ಅರ್ಧ ಬೆಲೆ. ಮಗಳು ಇದಕ್ಕಾಗಿ ಎರಡು ಬಸ್ ಸ್ಟಾಪು ದೂರದ ಅಂಗಡಿಗೆ ಹೋಗಿ, ಸೀಲು ಒಡೆಯದ ಪ್ಯಾಕೆಟ್ಟನ್ನೇ ತರುತ್ತಿದ್ದಳು. "ಒಳಗಿರೋದನ್ನ ತಿಂತೀಯೋ, ಮೇಲಿರೋ ಬಣ್ಣದ ಕಾಗದ ತಿಂತೀಯೋ?" ಎಂದು ತಾತ ರೇಗಿಸಿದರೆ, "ಇರ್ಲಿ ಬಿಡಪ್ಪ" ಎಂದು ನಕ್ಕು ಸುಮ್ಮನಾಗುತ್ತಿದ್ದಳು. ಬಾದಾಮಿಯ ಬದಲು ಕುಂಬಳಬೀಜ, ಸೂರ್ಯಕಾಂತಿ ಬೀಜ. ಜೇನಿನ ಬದಲು ಸಕ್ಕರೆ ಪಾಕ. ಎರಡು ಚಮಚ ಎಣ್ಣೆ, ಚಿಟಿಕೆ ಉಪ್ಪು, ಸ್ವಲ್ಪ ಚಕ್ಕೆ ಪುಡಿ. ರಂದ ಹೊಡೆದ ಹಲಗೆಯಂತೆ ಸಮವಾಗಿ ತಟ್ಟೆಯಲ್ಲಿ ಹರಡಿ, ಓವನ್ನಿನ ಮುಂದೆ ಸ್ಟೂಲು ಹಾಕಿ ಕುಳಿತರು. ಕಡಲೆಬೀಜದ ಹೆಸರೂ ಇಲ್ಲ. ಕೆಂಪಗೆ, ಗರಿಗರಿಯಾಗಿ ಬಂತು.

ಸೋಮವಾರ ಬೆಳಿಗ್ಗೆ ಇರುವೆ ಚಮಚ ಹಿಡಿದು ಬಟ್ಟಲನ್ನೇ ನೋಡುತ್ತ ಕುಳಿತಳು. "ಈಗ ಹಸಿವಿಲ್ಲ ತಾತ. ಸ್ಕೂಲಲ್ಲಿ ತಿಂತೀನಿ." ತಾಯಿ ಹೋದ ಮೇಲೆ ಮಗು ತಿನ್ನುವುದೇ ಕಡಿಮೆಯಾಗಿತ್ತು. ತಾತ ಡಬ್ಬಿಗೆ ತುಂಬಿಸಿ ಚೀಲದಲ್ಲಿಟ್ಟು ಕಳಿಸಿದರು.

ಹತ್ತೂಕಾಲಿಗೆ ಅವರು ಸಕ್ಕರೆ ತರಲು ಅಂಗಡಿಗೆ ಹೋದರು.

"ಏನ್ ತಾತ, ಗರಗಸ ಬಿಟ್ಟು ಸೌಟು ಹಿಡಿದ್ರಂತೆ!" ಅಂಗಡಿಯ ಹೆಂಗಸು ನಕ್ಕಳು. ಮಾತಾಡುತ್ತಲೇ ಅಳತೆಯ ಡಬ್ಬಿಯನ್ನು ಕಡಲೆಬೀಜದ ಮೂಟೆಗೆ ಇಳಿಸಿ, ಒಬ್ಬ ಗಿರಾಕಿಗೆ ಸುರಿದುಕೊಟ್ಟಳು. ಡಬ್ಬಿಯನ್ನು ಅಂಗೈಗೆ ಒಮ್ಮೆ ತಟ್ಟಿ, ಅದನ್ನೇ ಪಕ್ಕದ ಓಟ್ಸ್ ಮೂಟೆಗೆ ಇಳಿಸಿದಳು. ಡಬ್ಬಿಯ ಅಂಚಿನಲ್ಲಿ ಕೆಂಪು ಸಿಪ್ಪೆಯೊಂದು ಅಂಟಿಕೊಂಡಿತ್ತು.

ತಾತ ಆ ಸಿಪ್ಪೆಯತ್ತ ಬೆರಳು ತೋರಿಸಿದರು. "ಆ ಡಬ್ಬಿ... ಎಲ್ಲಕ್ಕೂ ಒಂದೇನಾ?"

"ಮತ್ತೆ? ಒಂದೊಂದು ಮೂಟೆಗೂ ಒಂದೊಂದು ಚಿನ್ನದ ಡಬ್ಬಿ ಇಡ್ಲಾ? ಯಾಕೆ ತಾತ? ಯಾಕೆ ಹಂಗೆ ನೋಡ್ತೀರಿ?"

ಅವರು ಆಗಲೇ ಬೀದಿಯಲ್ಲಿದ್ದರು. ಬಿಡುವಿನ ಗಂಟೆ ಹತ್ತೂವರೆಗೆ. ಶಾಲೆಗೆ ನಾಲ್ಕು ಬೀದಿ. ಮಂಡಿ ಕಟಕಟ ಎನ್ನುತ್ತಿತ್ತು, ಒಂದು ಚಪ್ಪಲಿ ಎಲ್ಲೋ ಕಳಚಿಹೋಯಿತು. ನನ್ನ ಕೈಯಾರೆ ಮಾಡಿದೆ, ಎಂದುಕೊಂಡರು. ನನ್ನ ಕೈಯಾರೆ ತುಂಬಿಸಿ ಕಳಿಸಿದೆ. ಎರಡು ಸ್ಟಾಪು ನಡೆಯುತ್ತಿದ್ದ ಮಗಳು ಎಂದಾದರೂ ಕಾರಣ ಹೇಳಿರಬೇಕು. ನಾನು ಮೊಳೆ ಹೊಡೆಯುತ್ತ ಕೇಳಿಸಿಕೊಂಡಿರಲಿಕ್ಕಿಲ್ಲ. ದೇವರೇ, ದೇವರೇ ಎನ್ನುವುದರ ಹೊರತು ಬಾಯಿಗೆ ಬೇರೇನೂ ಬರಲಿಲ್ಲ.

ಶಾಲೆಯ ಬೀದಿಯ ತಿರುವಿನಲ್ಲಿರುವಾಗಲೇ ಗಂಟೆ ಹೊಡೆಯಿತು.

"ಚೀಟಿ ಇಲ್ದೆ ಒಳಗೆ ಬಿಡಲ್ಲ ತಾತ" ಎಂದ ಗೇಟಿನವನು.

"ಮಗು ಸಾಯುತ್ತೆ ಕಣಯ್ಯಾ! ತೆಗಿ!"

ಆ ಮುಖ ನೋಡಿ ಅವನು ಗೇಟು ತೆಗೆದ. ಅಂಗಳದ ತುಂಬ ಮಕ್ಕಳು, ಎಲ್ಲರ ಬಾಯಲ್ಲೂ ತುತ್ತು. ಇರುವೆ ಕಾಣಲಿಲ್ಲ. "ಈಗಷ್ಟೇ ಡಬ್ಬಿ ಹಿಡ್ಕೊಂಡು ಹಿಂದಕ್ಕೆ ಹೋದ್ಲಲ್ಲ" ಎಂದಳು ಟೀಚರು. ವಿಷಯ ತಿಳಿದೊಡನೆ ಅವಳು, ಇರುವೆಗೆಂದೇ ಬೀರುವಿನಲ್ಲಿಟ್ಟಿದ್ದ ಅಲರ್ಜಿಯ ಇಂಜೆಕ್ಷನ್ ತರಲು ಓಡಿದಳು.

ಕಟ್ಟಡದ ಹಿಂದೆ, ನಲ್ಲಿಯ ಪಕ್ಕ ಇರುವೆ ಒಬ್ಬಳೇ ನಿಂತಿದ್ದಳು. ಡಬ್ಬಿ ಖಾಲಿ.

ತಾತ ಮುಂದೆ ಮಂಡಿಯೂರಿ ಅವಳ ಗಲ್ಲ ಹಿಡಿದರು. ತುಟಿ, ಕಣ್ಣು, ಕುತ್ತಿಗೆ ನೋಡಿದರು. "ತಿಂದ್ಯಾ? ಎಲ್ಲಾ ತಿಂದ್ಯಾ?"

ಹುಡುಗಿ ಒಂದು ಕ್ಷಣ ತಡವರಿಸಿದಳು. "ಹೂಂ ತಾತ. ತುಂಬಾ ಚೆನ್ನಾಗಿತ್ತು."

ತಾತನ ಬಾಯಿಂದ ಹೊರಟ ಸದ್ದು ಅಳುವೂ ಅಲ್ಲ, ಮಾತೂ ಅಲ್ಲ. ಟೀಚರು ಇಂಜೆಕ್ಷನ್ನಿನ ಮುಚ್ಚಳ ತೆಗೆಯುತ್ತ ಬಂದಳು. ಅದನ್ನು ನೋಡಿದ್ದೇ ಇರುವೆ ತಾತನ ಅಂಗಿಯೊಳಗೆ ಮುಖ ಹುದುಗಿಸಿ ಜೋರಾಗಿ ಅತ್ತಳು.

"ತಿಂದಿಲ್ಲ ತಾತ! ಸುಳ್ಳು ಹೇಳ್ದೆ! ಎಲ್ಲಾ ಅಲ್ಲಿ ಚೆಲ್ಬಿಟ್ಟೆ!"

ಮೋರಿಯ ಅಂಚಿನಲ್ಲಿ ಓಟ್ಸ್ ಒದ್ದೆಯಾಗಿ ಬಿದ್ದಿತ್ತು.

"ಒಂದು ಕಾಳೂ ಇಲ್ವಾ? ಆಣೆ ಮಾಡಿ ಹೇಳು."

"ಒಂದೂ ಇಲ್ಲ. ಅಮ್ಮ ಸುರಿಯೋಕೆ ಮುಂಚೆ ಪ್ಯಾಕೆಟ್ ಮೇಲಿರೋದೆಲ್ಲಾ ನನ್ ಕೈಲಿ ಓದಿಸ್ತಿದ್ಲು. ಓದದೇ ಇರೋದನ್ನ ಬಾಯಿಗೆ ಹಾಕ್ಬೇಡ ಅಂತಿದ್ಲು. ನೀನು ಓದಿಸ್ಲೇ ಇಲ್ಲ. ನಂಗೆ ಭಯ ಆಯ್ತು."

"ನನ್ನ ಕೇಳ್ಬಾರ್ದಾಗಿತ್ತಾ, ಕಂದಾ?"

"ಅಮ್ಮನ ಹೆಸರು ಹೇಳಿದ್ರೆ ನೀನು ಅಳ್ತೀಯಲ್ಲ."

ಟೀಚರು ಅವಳ ಕೈಬಾಯಿ ತೊಳೆಸಿ, ನಾಲಿಗೆ ನೋಡಿ, ಉಸಿರು ಆಲಿಸಿದಳು. ಅರ್ಧ ಗಂಟೆ ಮೂವರೂ ಆಫೀಸಿನ ಬೆಂಚಿನ ಮೇಲೆ ಕುಳಿತರು. ಉಸಿರು ಸಲೀಸಾಗಿ ಹೋಗಿಬರುತ್ತಿತ್ತು. ತಾತ ಮಾತ್ರ ಅವಳ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ.

ಹದಿನೆಂಟು ದಿನದಿಂದ ಬಂದವರೆಲ್ಲ ಮಗಳ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಹೇಳಿ ಹೋಗಿದ್ದರು. ತಾತನಿಗೆ ಆ ಮಾತು ಒಮ್ಮೆಯೂ ಆಡಲಾಗಿರಲಿಲ್ಲ. ಇಷ್ಟು ಚಿಕ್ಕ ಮಗುವನ್ನು ಬಿಟ್ಟು ಹೋದ ತಾಯಿಗೆ ಎಲ್ಲಿಯ ಶಾಂತಿ ಎಂದು ಮನಸ್ಸು ಒಳಗೇ ಜಗಳವಾಡುತ್ತಿತ್ತು. ಈಗ ಕಣ್ಣು ಮುಚ್ಚಿ, ಮಗುವಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

"ದೇವರೇ, ನನ್ನ ಮಗಳು ಮಾಡಬೇಕಾದ್ದನ್ನ ಮಾಡಿಯೇ ಬಂದಿದ್ದಾಳೆ. ಇನ್ನು ಈ ಕಡೆ ತಿರುಗಿ ತಿರುಗಿ ನೋಡೋ ಹಾಗೆ ಮಾಡಬೇಡಪ್ಪ. ಉಳಿದ ಭಯವೆಲ್ಲಾ ನನಗಿರಲಿ. ಅವಳನ್ನ ನಿನ್ನ ಹತ್ತಿರ ನೆಮ್ಮದಿಯಾಗಿ ಇಟ್ಟುಕೋ."