ಎದುರಾಳಿ ಬೇಕಾಗಿದ್ದಾಳೆ

ನಮ್ಮ ಊರಿನ ಮಕ್ಕಳ ಸಂಗೀತೋತ್ಸವದಲ್ಲಿ ಒಂದು ನಿಯಮವಿದೆ. ಯಾವುದೇ ವಿಭಾಗದಲ್ಲಿ ಕಡಿಮೆಯೆಂದರೂ ಇಬ್ಬರು ನುಡಿಸಿದರೆ ಮಾತ್ರ ಕಪ್. ಒಬ್ಬರೇ ಆದರೆ ಒಂದು ಸುತ್ತು ಚಪ್ಪಾಳೆ, ಒಂದು ಪ್ರಮಾಣಪತ್ರ, ನಡೀರಿ ಮನೆಗೆ. ಪಿಟೀಲು, ಕೊಳಲು, ಹಾಡುಗಾರಿಕೆ ಅಂತ ಸಾಲುಗಟ್ಟಿ ನಿಲ್ಲುವವರಿಗೆ ಈ ನಿಯಮದ ಬಿಸಿ ತಟ್ಟುವುದೇ ಇಲ್ಲ. ತಟ್ಟಿದ್ದು ನನ್ನ ಅಣ್ಣನ ಮಗಳಿಗೆ, ಏಕೆಂದರೆ ಅವಳು ನುಡಿಸುವುದು ಟ್ಯೂಬಾ.

ಟ್ಯೂಬಾ ಅಂದರೆ ಬ್ಯಾಂಡಿನ ಹಿಂದಿನ ಸಾಲಿನಲ್ಲಿ ಬಾಯಿ ಮೇಲೆ ಮಾಡಿಕೊಂಡು ಕೂತಿರುತ್ತದಲ್ಲ, ಆ ಭಾರಿ ಹಿತ್ತಾಳೆ ವಾದ್ಯ. ನಾನು ಅದನ್ನು ಹಂಡೆ ಅನ್ನುತ್ತೇನೆ, ಅವಳು ಮುಖ ಊದಿಸಿಕೊಳ್ಳುತ್ತಾಳೆ. ಇಡೀ ಊರಿಗೆ ಇರುವುದು ಒಂದೇ, ಅದೂ ಶಾಲೆಯದು. ಮೊದಲ ಸಲ ಅದನ್ನು ಬೆನ್ನಿಗೆ ಹಾಕಿಕೊಂಡು ಬಂದಾಗ ಹಿಂದಿನಿಂದ ಒಂದು ಹಂಡೆ, ಅದರ ಕೆಳಗೆ ಎರಡು ಕಾಲು, ಅಷ್ಟೇ ಕಾಣುತ್ತಿದ್ದದ್ದು. ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. ಆದರೂ ಅಂದು ಚೋಟುದ್ದ ಇದ್ದಳೆಂದು ಬಿದ್ದ ಚೋಟಿ ಅನ್ನುವ ಹೆಸರೇ ಎಲ್ಲರ ಬಾಯಲ್ಲೂ ಉಳಿದಿದೆ.

ನನ್ನದು ಲಾಂಡ್ರಿ. ಮುಂದೆ ಕೌಂಟರು, ನಡುವೆ ಇಸ್ತ್ರಿ ಟೇಬಲ್ಲು, ಹಿಂದಿನ ಕೋಣೆಯಲ್ಲಿ ಹ್ಯಾಂಗರಿಗೆ ತೂಗುಹಾಕಿದ ಕೋಟುಗಳು. ಅಣ್ಣನ ಮನೆಯ ಅಕ್ಕಪಕ್ಕದವರು ಸದ್ದು ತಾಳಲಾರದೆ ಗೋಡೆ ಗುದ್ದತೊಡಗಿದ ಮೇಲೆ ಚೋಟಿಯ ಅಭ್ಯಾಸ ಆ ಕೋಣೆಗೆ ಬಂತು. ಅರ್ಧ ಸದ್ದನ್ನು ಉಣ್ಣೆ ಕೋಟುಗಳು ನುಂಗಿಕೊಳ್ಳುತ್ತವೆ, ಉಳಿದರ್ಧ ನಾನು. ಒಗೆಯುವ ಮೆಷಿನ್ ಗುಂಯ್ಗುಡುವಾಗ ಅವಳು ಕತ್ತು ವಾರೆ ಮಾಡಿ ಕೇಳಿ, ನಿಮ್ಮ ಮೆಷಿನ್ನಿನ ಶ್ರುತಿ ಇಳಿದಿದೆ ಅತ್ತೆ ಅಂತ ದೂರು ಹೇಳುತ್ತಾಳೆ. ಕೊಳೆ ಹೋದರೆ ಸಾಕು ತಾಯಿ, ಶ್ರುತಿ ನಿನ್ನ ಹತ್ತಿರವೇ ಇರಲಿ ಅನ್ನುತ್ತೇನೆ ನಾನು.

ವರ್ಷ ವರ್ಷವೂ ಅವಳು ಉತ್ಸವದಲ್ಲಿ ಊದಿದಳು, ವರ್ಷ ವರ್ಷವೂ ಬರಿಗೈಯಲ್ಲಿ ಬಂದಳು. ಹಿತ್ತಾಳೆ ವಿಭಾಗದ ಕಪ್ಪು ಬೀರುವಿನಲ್ಲೇ ಕೂತು ಕಪ್ಪಗಾಯಿತು. ಈ ವರ್ಷವೇ ಕೊನೆ, ಬರುವ ವರ್ಷ ಅವಳಿಗೆ ವಯಸ್ಸು ಮೀರುತ್ತದೆ. ಬಾಯಿ ಬಿಟ್ಟು ಏನನ್ನೂ ಕೇಳುವ ಹುಡುಗಿಯಲ್ಲ. ಆದರೆ ಒಂದು ಸಂಜೆ, ನಾನು ಅಂಗಿಯ ಕಾಲರಿಗೆ ಗಂಜಿ ಹಾಕುತ್ತಿದ್ದಾಗ ಬಂದು ನಿಂತಳು.

"ಒಂದ್ಸಲ ಆದ್ರೂ ಆ ಕಪ್ ನನ್ನ ಕೈಗೆ ಬರ್ಬೇಕು ಅತ್ತೆ," ಅಂದಳು.

ಮರುದಿನವೇ ಕಾರ್ಯದರ್ಶಿಗಳ ಮುಂದೆ ಹೋಗಿ ನಿಂತೆ. ಅವರು ಕನ್ನಡಕದಂಗಡಿಯವರು, ಬಹಳ ಸಾಧು ಮನುಷ್ಯ. ಸಾಧು ಮನುಷ್ಯರ ಜೊತೆ ಜಗಳವಾಡುವಷ್ಟು ಕಷ್ಟ ಇನ್ನೊಂದಿಲ್ಲ. ಮಗು ಊದೋದು ಚೆನ್ನಾಗಿದೆಯೋ ಇಲ್ಲವೋ ಅಷ್ಟು ಹೇಳಿ, ಪಕ್ಕದಲ್ಲಿ ಯಾರಿದ್ದರೆ ನಿಮಗೇನು ಅಂತ ಎಗರಾಡಿದೆ. ಅವರು ಒಂದು ಗಾಜನ್ನು ಒರೆಸುತ್ತಾ ಎಲ್ಲಾ ಕೇಳಿಸಿಕೊಂಡರು. ಕೊನೆಗೆ, ನಿಯಮ ನಿಯಮವೇ ಅಮ್ಮಾ, ಎದುರಾಳಿ ಕರೆತನ್ನಿ, ಗೆದ್ದರೆ ಕಪ್ ಒಯ್ಯಿರಿ ಅಂದರು. ಅವರು ಮಾತಿಗೆ ಅಂದದ್ದಿರಬಹುದು. ನಾನು ಅದನ್ನೇ ಗಂಟು ಕಟ್ಟಿಕೊಂಡು ಬಂದೆ.

ಎದುರಾಳಿ ನಮ್ಮ ಬೀದಿಯಲ್ಲೇ ಸಿಕ್ಕಿದಳು. ಬೇಕರಿಯವರ ಕೊನೆಯ ಮಗಳು, ಗುಂಡು ಕೆನ್ನೆಯವಳು, ಹಾಗಾಗಿ ಬನ್ ಅಂತಲೇ ಹೆಸರು. ಕೇಕಿನ ಜೊತೆ ಬಲೂನು ಕೇಳುವ ಗಿರಾಕಿಗಳಿಗೆಲ್ಲ ಊದಿ ಕೊಡುವ ಕೆಲಸ ಅವಳದ್ದೇ. ಒಂದೇ ಉಸಿರಿಗೆ ಒಂದು ಬಲೂನು ತುಂಬಿಸಿ, ಗಂಟು ಹಾಕಿ, ಇನ್ನೊಂದಕ್ಕೆ ಕೈ ಹಾಕುವುದನ್ನು ನಾನೇ ಕಣ್ಣಾರೆ ನೋಡಿದ್ದೆ. ಅವರಪ್ಪ, ಹಲಗೆಯ ಮೇಲೆ ಹಿಟ್ಟು ನಾದುತ್ತಿದ್ದವರು, ಮನೆಯಲ್ಲಿ ಊದದೇ ಇದ್ದರೆ ಸಾಕು ಎಲ್ಲಿ ಬೇಕಾದರೂ ಕರೆದುಕೊಂಡು ಹೋಗಿ ಅಂತ ಒಪ್ಪಿದರು.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಚೋಟಿ ಬನ್‌ಗೆ ನಾಲ್ಕು ಸ್ವರ ಊದಲು ಕಲಿಸಿದರೆ ಸಾಕು. ವೇದಿಕೆಗೆ ಹತ್ತಲಿ, ಪೊಂ ಪೊಂ ಅನ್ನಲಿ, ಇಳಿಯಲಿ. ಚೋಟಿ ಗೆಲ್ಲಲಿ. ಇದನ್ನು ಚೋಟಿಗೆ ಬಿಡಿಸಿ ಹೇಳಿಯೂ ಇದ್ದೆ. ಅವಳು ಹೂಂ ಅಂದಳು.

ಹೂಂ ಅಂದವಳು ಹೇಳಿದಂತೆ ಎಲ್ಲಿ ಕೇಳಿದಳು? ಮೊದಲು ಹಂಡೆ ಇಲ್ಲದೆ, ಬನ್ ಕೈಯಲ್ಲಿ ಬರೀ ತುಟಿಯಲ್ಲೇ ಬುರ್ರೆನ್ನಿಸಿದಳು. ಆಮೇಲೆ ನೆಲದ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ನನ್ನ ಸೋಪಿನ ಡಬ್ಬಿ ಇಟ್ಟು, ಉಸಿರು ತೆಗೆದುಕೊಂಡಾಗ ಡಬ್ಬಿ ಮೇಲೇಳಬೇಕು ಅಂದಳು. ಬನ್ ಒಂದು ಸಾಲಿನ ನಡುವೆ ಕದ್ದು ಉಸಿರು ಎಳೆದರೆ, ಮತ್ತೆ ಮೊದಲಿನಿಂದ. ಹಾಗಲ್ಲ, ಹೀಗೆ. ಇನ್ನೊಂದ್ಸಲ. ನಾನು ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು, ಸೋಲೋದಕ್ಕೆ ಇಷ್ಟೆಲ್ಲ ಕಲಿಸಬೇಕಾ ಅಂತ ಗದರಿದೆ.

"ತಪ್ಪು ಊದೋದನ್ನ ಕೇಳ್ಕೊಂಡು ಕೂರಕ್ಕೆ ನನಗಾಗಲ್ಲ ಅತ್ತೆ," ಅಂದಳು ಚೋಟಿ. ಬನ್ ಆಗಲೇ ಅವಳನ್ನು ಮೇಡಂ ಅಂತ ಕರೆಯತೊಡಗಿದ್ದಳು. ಬೇಕರಿಯ ಕೌಂಟರಿನಲ್ಲೂ ಅದೇ ಮಾತು, ನಮ್ಮ ಮೇಡಂ ಹಾಗಂದ್ರು, ನಮ್ಮ ಮೇಡಂ ಹೀಗಂದ್ರು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಉತ್ಸವ ಶಾಲೆಯ ಸಭಾಂಗಣದಲ್ಲಿ. ವೇದಿಕೆಯ ಪರದೆ ನಾನೇ ಒಗೆದು ಕೊಟ್ಟದ್ದು, ಮಡಿಕೆ ನಿಂತಿದ್ದು ನೋಡಿ ಒಳಗೊಳಗೇ ಬೀಗಿದೆ. ಹಿತ್ತಾಳೆ ವಿಭಾಗಕ್ಕೆ ಹೆಸರು ಕೂಗಿದಾಗ ಮೊದಲ ಬಾರಿಗೆ ಎರಡು ಹೆಸರು ಬಂದವು. ಬನ್ ಮೊದಲು ಹೋದಳು. ಹಂಡೆಯ ಕೆಳಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಅವಳು ಪೊಂ ಪೊಂ ಅನ್ನಲಿಲ್ಲ. ಒಂದು ಪುಟ್ಟ ರಾಗವನ್ನು ಎಲ್ಲೂ ಎಡವದೆ, ನಿಧಾನಕ್ಕೆ, ಉಸಿರು ಮುಗಿಯುವ ತನಕ ಎಳೆದು ಊದಿದಳು. ಆಮೇಲೆ ಅದೇ ಹಂಡೆಯನ್ನು ಚೋಟಿ ತೆಗೆದುಕೊಂಡು ತನ್ನ ದೊಡ್ಡ ಕೃತಿ ನುಡಿಸಿದಳು. ಬೆಂಚುಗಳು ನಡುಗಿದವು. ನನ್ನ ಅಣ್ಣನ ಮಗಳು ಅಂತ ನಾನು ಪಕ್ಕದಲ್ಲಿ ಕೂತವರಿಗೆಲ್ಲ ಹೇಳಿಬಿಟ್ಟೆ.

ಅಂಕ ಚೋಟಿಗೇ ಹೆಚ್ಚು. ಕಪ್ ಅವಳದ್ದೇ ಅನ್ನುವಷ್ಟರಲ್ಲಿ ತೀರ್ಪುಗಾರರು, ಬೇರೆ ಊರಿನಿಂದ ಬಂದಿದ್ದ ಹೆಂಗಸು, ಬನ್‌ನ ಕಡೆ ತಿರುಗಿ ಅಕ್ಕರೆಯಿಂದ ಕೇಳಿದರು, ಇಷ್ಟು ಚೆನ್ನಾಗಿ ಉಸಿರು ಹಿಡಿಯೋದನ್ನ ಯಾರು ಕಲಿಸಿದ್ದು ಪುಟ್ಟಿ ಅಂತ. ಬನ್ ಎದೆ ಸೆಟೆಸಿ ಚೋಟಿಯನ್ನು ತೋರಿಸಿದಳು. ಅವರೇ ನಮ್ಮ ಮೇಡಂ ಅಂದಳು. ಎಲ್ಲರೂ ನಕ್ಕರು. ಕಾರ್ಯದರ್ಶಿಗಳು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದರು.

ನನ್ನನ್ನೂ ಚೋಟಿಯನ್ನೂ ಪಕ್ಕದ ಕೋಣೆಗೆ ಕರೆದರು. ಮಡಚಿದ ಕುರ್ಚಿಗಳು ಗೋಡೆಗೆ ಒರಗಿದ್ದವು. ಇನ್ನೊಂದು ನಿಯಮವಿದೆಯಂತೆ. ಕಲಿಸಿದವರು ತಮ್ಮ ಶಿಷ್ಯರ ಎದುರು ನುಡಿಸಬಹುದು, ಆದರೆ ಬಹುಮಾನಕ್ಕೆ ಅರ್ಹರಲ್ಲ. ಹಿಂದೆ ಒಬ್ಬ ತನ್ನ ತಂಗಿಗೆ ಎರಡು ಸ್ವರ ಹೇಳಿಕೊಟ್ಟು, ಎದುರಿಗೆ ನಿಲ್ಲಿಸಿ, ಕಪ್ ಹೊತ್ತುಕೊಂಡು ಹೋಗಿದ್ದನಂತೆ. ಅಂದಿನಿಂದ ಈ ನಿಯಮ. ಈ ಉಪಾಯ ಹೊಳೆದದ್ದು ಪ್ರಪಂಚದಲ್ಲಿ ನನಗೊಬ್ಬಳಿಗೇ ಅಂದುಕೊಂಡಿದ್ದೆ ನಾನು.

"ಮಕ್ಕಳು ಏನೋ ಹೇಳ್ತವೆ, ಅದನ್ನ ನಾನು ಹಿಡ್ಕೊಳಲ್ಲ," ಅಂದರು ಅವರು ಚೋಟಿಗೆ, ತುಂಬಾ ಮೆತ್ತಗೆ. "ನೀನೇ ಹೇಳಮ್ಮ. ನೀನು ಕಲಿಸಿದ್ಯಾ, ಇಲ್ಲಾ ಅವಳೇ ನಿನ್ನ ನೋಡ್ಕೊಂಡು ಕಲಿತಳಾ?"

ಪಾಪ, ತಪ್ಪಿಸಿಕೊಳ್ಳಲು ಬಾಗಿಲನ್ನು ತಾವೇ ತೆರೆದು ಹಿಡಿದಿದ್ದರು. ನಾನು ತಡಮಾಡಲಿಲ್ಲ, ಚೋಟಿ ಬಾಯಿ ತೆರೆಯುವ ಮೊದಲೇ ನುಗ್ಗಿದೆ. ಕಲಿಸೋದೆಲ್ಲಿಂದ ಬಂತು ಸರ್, ಇವಳು ಊದುವಾಗ ಅದು ಬಂದು ಕೂತ್ಕೊಳ್ತಿತ್ತು, ನೋಡಿ ನೋಡಿ ಬಂದಿದೆ ಅಷ್ಟೇ ಅಂದೆ. ಹೇಳಿ ತಿರುಗಿದರೆ ಬಾಗಿಲಲ್ಲಿ ಬನ್. ಹಂಡೆಯನ್ನು ತಬ್ಬಿಕೊಂಡು ನಿಂತಿದ್ದಾಳೆ. ನಾನು ಹೇಳಿದ್ದೆಲ್ಲ ಅವಳ ಕಿವಿಗೆ ಬಿದ್ದಿತ್ತು, ಮುಖ ಸಣ್ಣದಾಗಿತ್ತು. ನನ್ನನ್ನಲ್ಲ, ಚೋಟಿಯನ್ನೇ ನೋಡುತ್ತಿದ್ದಳು.

ಚೋಟಿಯೂ ಅವಳನ್ನು ನೋಡಿದಳು. ಆ ಕಪ್ಪಿಗಾಗಿ ಎಷ್ಟು ವರ್ಷ ಆ ಹಂಡೆ ಹೊತ್ತಿದ್ದಾಳೆ ಅಂತ ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಸುಮ್ಮನಿದ್ದುಬಿಡೇ, ತಲೆಯಾಡಿಸಿದರೂ ಸಾಕು ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಅತ್ತೆ ನನ್ನ ಮೇಲಿನ ಪ್ರೀತಿಗೆ ಹಾಗಂದ್ರು ಸರ್," ಅಂದಳು ಚೋಟಿ. "ನಾನೇ ಕಲಿಸಿದ್ದು. ಒಂದೊಂದು ಉಸಿರೂ ನಾನು ಹೇಳ್ಕೊಟ್ಟಿದ್ದೇ."

ನನಗೆ ಪಿತ್ತ ನೆತ್ತಿಗೇರಿತು. ಅಲ್ಲೇ ಒಂದು ಕುರ್ಚಿ ಬಿಡಿಸಿಕೊಂಡು ಕೂತುಬಿಟ್ಟೆ. ಕಾರ್ಯದರ್ಶಿಗಳು ಕನ್ನಡಕ ಹಾಕಿಕೊಂಡು, ನಿಯಮದ ಪ್ರಕಾರವೇ ಹೇಳಿದರು. ನುಡಿಸಿದವರು ಇಬ್ಬರು, ಆದ್ದರಿಂದ ಕಪ್ ಕೊಡಲೇಬೇಕು. ಅರ್ಹತೆ ಇರುವವರು ಒಬ್ಬರು, ಆದ್ದರಿಂದ ಕಪ್ ಅವಳಿಗೇ. ಬನ್‌ಗೆ ಅರ್ಥವೇ ಆಗಲಿಲ್ಲ. ಚೋಟಿ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ನೀನು ಗೆದ್ದಿದೀಯಾ ಕಣೇ ಅಂತ ಬಿಡಿಸಿ ಹೇಳಬೇಕಾಯಿತು. ಹೇಳುವಾಗ ಅವಳ ದನಿ ಒಂದು ಕಡೆ ಸ್ವಲ್ಪ ಅಲುಗಿತು, ನನಗೆ ಕೇಳಿಸಿತು.

ನಮ್ಮ ಉತ್ಸವಕ್ಕೆ ಮುಖ್ಯ ಅತಿಥಿಗಳನ್ನು ಕರೆಸುವ ಗೊಡವೆ ಇಲ್ಲ. ಗೆದ್ದ ಮಗುವಿಗೆ ಅದರ ಗುರುಗಳೇ ವೇದಿಕೆಗೆ ಬಂದು ಕಪ್ ಕೊಡುವುದು. ಬನ್‌ನ ಹೆಸರು ಕೂಗಿ, ಅದರ ಹಿಂದೆಯೇ ಗುರುಗಳು ಬರಬೇಕು ಅಂತ ಚೋಟಿಯ ಹೆಸರು ಕೂಗಿದರು. ಬಿಳಿ ಕೂದಲಿನ ಮೇಷ್ಟ್ರುಗಳ ಹಿಂದೆಯೇ ವೇದಿಕೆ ಹತ್ತಿದವಳು ಶಾಲೆಯ ಸಮವಸ್ತ್ರದ ಹುಡುಗಿ. ಸಭೆಯಲ್ಲಿ ಮೊದಲು ಗುಸುಗುಸು, ಆಮೇಲೆ ಚಪ್ಪಾಳೆ. ಬನ್‌ನ ಅಪ್ಪ, ಅಂಗಿಯ ತೋಳಿನಲ್ಲಿ ಇನ್ನೂ ಹಿಟ್ಟು ಮೆತ್ತಿಕೊಂಡಿದ್ದವರು, ಎದ್ದು ನಿಂತೇ ತಟ್ಟಿದರು.

ಕಾರ್ಯದರ್ಶಿಗಳು ಕಪ್ಪನ್ನು ಚೋಟಿಯ ಕೈಗೆ ಕೊಟ್ಟರು. ಅವಳು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬನ್ ಕೈ ಚಾಚಿದಳು. ಚೋಟಿ ಮುಂದೆ ನೀಡಿದಳು, ಬನ್ ಹಿಡಿದುಕೊಂಡಳು, ಚೋಟಿ ಬಿಡಲಿಲ್ಲ. ಚಪ್ಪಾಳೆ ನಿಲ್ಲುತ್ತಾ ಬಂತು, ಇನ್ನೂ ಬಿಡಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಮೇಡಂ, ಬಿಡಿ," ಅಂದಳು ಬನ್. ಪಕ್ಕದಲ್ಲೇ ಮೈಕ್ ಇತ್ತು, ಇಡೀ ಸಭೆಗೆ ಕೇಳಿಸಿತು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಚೋಟಿಯೂ ನಕ್ಕಳು, ಕಣ್ಣು ಒದ್ದೆಯಾಗಿಯೇ. ಆಮೇಲೆ ಕೈ ಬಿಟ್ಟು, ಅದೇ ಕೈಯಿಂದ ಹುಡುಗಿಯ ಬೆನ್ನು ತಟ್ಟಿದಳು.