ಮೂರನೆಯ ಸ್ಯಾಕ್ಸೊಫೋನಿನ ಸ್ವರ

ಎನಿಡ್ ಬ್ರೆಡ್ಡಿನ ಅಂಚು ಕತ್ತರಿಸುತ್ತಿದ್ದಳು. ಮಣ್ಣು ಮುಗಿಸಿ ಬರುವವರ ಚಹಾಕ್ಕೆ ಇನ್ನೂ ಎರಡು ಬ್ರೆಡ್ಡಿಗೆ ಬೆಣ್ಣೆ ಸವರಬೇಕಿತ್ತು. ಮುಂದಿನ ಕೋಣೆಯಲ್ಲಿ ಅವಳ ಗಂಡ ವಿಲ್ಫ್ರೆಡ್ ಹ್ಯಾಸ್ಲಮ್, ಕಡಲತೀರದ ಬ್ಲ್ಯಾಕ್‌ಪೂಲ್ ಪಟ್ಟಣವನ್ನು ಮೂವತ್ತು ವರ್ಷ ಕುಣಿಸಿದ ಬ್ಯಾಂಡಿನ ನಾಯಕ, ಬಿಳಿ ಕೋಟು ತೊಟ್ಟು ಶವಪೆಟ್ಟಿಗೆಯಲ್ಲಿ ಮಲಗಿದ್ದ.

"ಬೆಣ್ಣೆ ಇಷ್ಟು ತೆಳ್ಳಗೆ ಹಚ್ಚಿದ್ರೆ ನನ್ನ ತಮ್ಮ ಎದ್ದು ಬಂದು ಜಗಳ ಆಡ್ತಾನೆ ಕಣೇ," ಎಂದು ವಿಲ್ಫ್ರೆಡ್‌ನ ಅಕ್ಕ ಹಿಲ್ಡಾ ನಕ್ಕು, ಆಮೇಲೆ ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು.

ಸ್ಯಾಕ್ಸೊಫೋನಿನ ಸಿರಿಲ್ ಹ್ಯಾಟು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. "ಅಮ್ಮಾ, ನಮ್ಮ ಹುಡುಗ್ರೆಲ್ಲ ಒಂದು ಮಾತು ಆಡ್ಕೊಂಡಿದೀವಿ."

"ಹುಡುಗ್ರಂತೆ! ನಿನಗೇ ಎಪ್ಪತ್ತಾಯ್ತಲ್ಲೋ," ಎಂದಳು ಹಿಲ್ಡಾ.

"'ಕಡಲಂಚಿನ ದೀಪಗಳು' ಹಾಡಿದೆಯಲ್ಲ, ಅದರ ಮೂಲ ಪ್ರತೀನ ಯಜಮಾನ್ರ ಎದೆ ಮೇಲಿಟ್ಟು ಕಳಿಸೋಣ ಅಂತ. ನಮಗೆಲ್ಲ ಬಾಯಿಪಾಠ ಆಗಿದೆ. ಅವರ ಕೈಬರಹ ಅವರ ಜೊತೇಲೇ ಹೋಗ್ಲಿ."

ಚಾಕು ನಿಂತಿತು.

"ತರ್ತೀನಿ," ಎಂದಳು ಎನಿಡ್.

* * *

ವಿಲ್ಫ್ರೆಡ್‌ಗೆ ಸ್ವರ ಬರೆಯಲು ಬರುತ್ತಿರಲಿಲ್ಲ. ಅವನು ಗಡ್ಡ ಹೆರೆಯುತ್ತ ಸಿಳ್ಳೆ ಹಾಕುತ್ತಿದ್ದ. ಎನಿಡ್ ಅಡುಗೆಮನೆಯ ಮೇಜಿನ ಮೇಲೆ ಆ ರಾಗವನ್ನು ಹದಿನಾಲ್ಕು ವಾದ್ಯಗಳಿಗೆ ಹಂಚಿ ಬರೆಯುತ್ತಿದ್ದಳು. ಎಲ್ಲವನ್ನೂ ಯಜಮಾನರೇ ಬರೆಯುತ್ತಾರೆಂದು ಬ್ಯಾಂಡಿನವರು ನಂಬಿದ್ದರು.

1938ರಲ್ಲಿ, ಮಗುವಿಗೆ ಜ್ವರವಿದ್ದ ದಿನ, 'ಕಡಲಂಚಿನ ದೀಪಗಳು' ಬರೆಯುವಾಗ ಮೂರನೆಯ ಸ್ಯಾಕ್ಸೊಫೋನಿಗೆ ಒಂದು ಸ್ವರವನ್ನು ತಪ್ಪಿ ಅರ್ಧ ಸ್ವರದಷ್ಟು ಕೆಳಗೆ ಬರೆದುಬಿಟ್ಟಳು. ಅಭ್ಯಾಸದಲ್ಲಿ ಸಿರಿಲ್ ಅದನ್ನು ನುಡಿಸಿದಾಗ ಮೂಲೆಯಲ್ಲಿ ಕೂತಿದ್ದ ಅವಳಿಗೆ ತನ್ನ ತಪ್ಪು ಕೇಳಿಸಿತು. ವಿಲ್ಫ್ರೆಡ್ ಕೈಯೆತ್ತಿ ನಿಲ್ಲಿಸಿದ. "ಇನ್ನೊಂದ್ಸಲ," ಎಂದ. ಮತ್ತೆ, "ಇನ್ನೊಂದ್ಸಲ." ಮೂರನೆಯ ಸಲ ಕಣ್ಣು ಮುಚ್ಚಿದ.

ಆ ನೋವಿನಂಥ ಸ್ವರವೇ ಹ್ಯಾಸ್ಲಮ್ ಬ್ಯಾಂಡಿನ ಗುರುತಾಯಿತು. ಅದು ಕನಸಿನಲ್ಲಿ ಕೇಳಿಸಿತು ಎಂದು ಅವನು ರೇಡಿಯೋದಲ್ಲಿ ಹೇಳಿದ. ಮನೆಗೆ ಬಂದು, "ಬೇಜಾರಾಯ್ತಾ ಎನಿ?" ಎಂದು ಕೇಳಿದ. ಅವಳು ಸಾರು ಬಿಸಿ ಮಾಡಿಕೊಟ್ಟಳು.

* * *

ಮಹಡಿಯ ಪೆಟಾರಿಯಲ್ಲಿ ಅವನ ಹೆಸರನ್ನು ಚಿನ್ನದ ಅಕ್ಷರಗಳಲ್ಲಿ ಒತ್ತಿದ್ದ ಚರ್ಮದ ಹೊದಿಕೆಯಿತ್ತು. ಒಳಗೆ ಹನ್ನೊಂದು ಹಾಳೆ. ಅವಳ ಪೆನ್ಸಿಲು. ಅವಳ ಚಹಾ ಬಟ್ಟಲಿನ ಕಲೆ.

ಕೆಳಗಿನಿಂದ ಹಿಲ್ಡಾ ಕೂಗಿದಳು: "ಎನಿಡ್, ಪೆಟ್ಟಿಗೆ ಮುಚ್ಚೋರು ಬಂದ್ರು ಕಣೇ!"

ಸ್ವರಗೆರೆಗಳಷ್ಟೇ ಇದ್ದ ಖಾಲಿ ಹಾಳೆಗಳ ಕಟ್ಟು ಪಕ್ಕದಲ್ಲೇ ಇತ್ತು. ಎನಿಡ್ ಅದರಿಂದ ಹನ್ನೊಂದನ್ನು ಎಣಿಸಿ ಹೊದಿಕೆಯೊಳಗಿಟ್ಟು, ದಾರ ಕಟ್ಟಿ, ಕಪ್ಪು ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು ಇಳಿದಳು.

ಸಿರಿಲ್ ಹೊದಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಯಜಮಾನರ ಎದೆಯ ಮೇಲಿಟ್ಟ. "ಅವರ ಜೀವಮಾನವೇ ಇದೆ ಅಮ್ಮಾ ಇದ್ರಲ್ಲಿ."

ಎನಿಡ್ ಬಾಗಿ ಗಂಡನ ಓರೆಯಾಗಿದ್ದ ಬೋ ಟೈ ಸರಿಮಾಡಿದಳು. ಹಣೆಯನ್ನು ಮುಟ್ಟಿದಳು. ಮುಚ್ಚಳ ಇಳಿಯಿತು.

ಬ್ಯಾಂಡಿನಲ್ಲಿ ಉಳಿದಿದ್ದ ಆರು ಮಂದಿ ಮುದುಕರು ಅಂಗಳದಲ್ಲಿ ವಾದ್ಯಗಳನ್ನೆತ್ತಿದರು. ಸಿರಿಲ್ ಆ ಸ್ವರಕ್ಕೆ ಇಳಿದಾಗ ಹಿಲ್ಡಾ ಎನಿಡ್‌ಳ ತೋಳು ಹಿಡಿದು ಬಿಕ್ಕಿದಳು. ಎನಿಡ್ ದೀರ್ಘವಾಗಿ ಉಸಿರೆಳೆದಳು. ಕೋಟಿನೊಳಗೆ, ಪಕ್ಕೆಲುಬಿಗೆ ಒತ್ತಿಕೊಂಡಿದ್ದ ಹಳೆಯ ಕಾಗದ ಸಣ್ಣಗೆ ಸರಗುಟ್ಟಿತು.