ಟಗರಿನ ಒಪ್ಪಿಗೆ

ಗಂಗಾಲಕ್ಷ್ಮಿ ಧರ್ಮಪುರಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೆಮಿಸ್ಟ್ರಿ ಮುಗಿಸಿದ್ದೇ ತಪ್ಪಾಯಿತು ನೋಡಿ. ಓದುತ್ತಿದ್ದಾಗ ಏನು ಓದುತ್ತೀಯೆ ಎಂದು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಮುಗಿದದ್ದೇ ತಡ, ಮುಂದೇನು ಮಾಡಬೇಕೆಂದು ಹೇಳಲು ಪಾಲಕೋಡಿನ ಸುತ್ತಮುತ್ತಲ ಬಂಧುಬಳಗವೆಲ್ಲ ಜಗಲಿ ಮೇಲೆ ಬಂದು ಕೂತಿತು.

ಚಿಕ್ಕಪ್ಪ ಗೋವಿಂದರಾಜ್‌ನದು ಬಿ.ಎಡ್. ಪಕ್ಷ. ಅವನೂ ಬಿ.ಎಡ್. ಮಾಡಿದವನೇ. ಸಾಲದೆಂದು ಎಂ.ಎಡ್. ಕೂಡ ಮಾಡಿ, ಈಗ ಪಾಲಕೋಡಿನ ಮಂಡಿಯಲ್ಲಿ ಟೊಮೇಟೊ ಬಾಕ್ಸ್‌ಗಳನ್ನು ಲಾರಿಗೆ ಹತ್ತಿಸುತ್ತಿದ್ದ. "ಕೆಲ್ಸ ಸಿಗ್ದಿದ್ರೆ ಓಗ್ಲಿ, ಟೀಚರ್‌ಗೆ ಓದವ್ಳೆ ಅನ್ನೋ ಮರ್ಯಾದೆ ಐತಲ್ಲ," ಎನ್ನುತ್ತಿದ್ದ.

ಸೋದರಮಾವ ಧನಶೇಖರ್ ಇನ್ನೂ ಒಂದು ಕೈ ಮೇಲು. ತಮಿಳುನಾಡು ಸರ್ಕಾರದ ಗ್ರೂಪ್ ಫೋರ್ ಪರೀಕ್ಷೆಯನ್ನು ತಲೆ ನರೆಯುವವರೆಗೂ ಬರೆದು, ಒಮ್ಮೆಯೂ ಪಾಸಾಗದೆ, ಕೊನೆಗೆ ಅದನ್ನು ಪಾಸು ಮಾಡುವುದು ಹೇಗೆಂದು ಕಲಿಸುವ ಕೋಚಿಂಗ್ ಸೆಂಟರ್ ತೆರೆದ ಮಹಾನುಭಾವ. "ನನ್ ಸೆಂಟರ್‌ಗೆ ಕಳಿಸಿ. ಐದಾರು ವರ್ಸ ಉಸಾರಾಗಿ ಓದಿದ್ರೆ ಕವರ್ಮೆಂಟ್ ಕೆಲ್ಸ ಗ್ಯಾರಂಟಿ," ಎಂದು ಎದೆ ತಟ್ಟಿಕೊಂಡ.

ಗಂಗಾ ಎಲ್ಲರಿಗೂ ಕಾಫಿ ಕೊಡುತ್ತ, "ಮಾವ, ಸೇಲಂನಾಗೆ ಒಂದು..." ಎಂದು ಬಾಯಿ ತೆರೆದಳು.

"ನೀನು ಸುಮ್ಕಿರಮ್ಮ, ದೊಡ್ಡೋರು ನಿನ್ ವಿಸ್ಯಾನೇ ಮಾತಾಡ್ತಾ ಇಲ್ವಾ!" ಎಂದ ಧನಶೇಖರ್.

ಆಯಿತಲ್ಲ. ಸೇಲಂನ ಒಂದು ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಿಲ್ಲಿನ ಲ್ಯಾಬಿನಲ್ಲಿ ಹಿಟ್ಟು ಪರೀಕ್ಷಿಸುವ ಕೆಲಸ ಅವಳಿಗೆ ಸಿಕ್ಕಾಗಿತ್ತು. ಸೋಮವಾರ ಬೆಳಿಗ್ಗೆ ಸೇರಬೇಕು, ಸೇರದಿದ್ದರೆ ಬೇರೆಯವರನ್ನು ತಗೊಳ್ಳುತ್ತೇವೆ ಎಂದು ಮಿಲ್ಲಿನವರು ಫೋನಿನಲ್ಲಿ ಹೇಳಿದ್ದರು. ಇದನ್ನು ಅವಳು ಅಪ್ಪ ನಂಜಪ್ಪನೊಬ್ಬನಿಗೆ ಹೇಳಿದ್ದಳು. ಅವನು ಕುರಿಗಳ ಕಡೆ ನೋಡುತ್ತ, "ನೋಡಾನ ಬಿಡು," ಎಂದಿದ್ದ.

ಬಿ.ಎಡ್.ಗೂ ಗ್ರೂಪ್ ಫೋರ್‌ಗೂ ಕೈ ಕೈ ಮಿಲಾಯಿಸುವ ಹಂತ ಬಂದಾಗ ಅಜ್ಜಿ ಚಿನ್ನತಾಯಿ ಎಲೆಅಡಿಕೆ ಉಗಿದು ತೀರ್ಪು ಕೊಟ್ಟಳು. "ಬಾಯಿ ಮುಚ್ರಲಾ. ಬಾನ್ವಾರ ಬೀರಪ್ಪನ್ನ ಕೇಳಾನ."

ಕುಲದೇವರು ಬೀರಪ್ಪನನ್ನು ಕೇಳುವುದೆಂದರೆ ಟಗರನ್ನು ಕೇಳುವುದು. ಗುಡಿಯ ಮುಂದೆ ಟಗರನ್ನು ನಿಲ್ಲಿಸಿ, ಪ್ರಶ್ನೆ ಹೇಳಿ, ಅರಿಶಿನದ ನೀರು ಸುರಿಯಬೇಕು. ಮೈ ಕೊಡವಿದರೆ ದೇವರು ಒಪ್ಪಿದ ಹಾಗೆ, ಟಗರನ್ನು ಅಲ್ಲೇ ಕಡಿದು ಊಟ. ಕೊಡವದಿದ್ದರೆ ಕಡಿಯುವಂತಿಲ್ಲ. ಕಿವಿಗೆ ನೀರು ಹೋದರೆ ಎಂಥ ಕುರಿಯೂ ಕೊಡವುತ್ತದೆ ಎಂಬುದು ಕುರಿ ಸಾಕಿದ ಆ ಜನಕ್ಕೆಲ್ಲ ಗೊತ್ತು. ಆದರೆ ದೇವರು ಮಾತಾಡುವಾಗ ಯಾರೂ ಕಿವಿಯ ವಿಷಯ ಎತ್ತುವುದಿಲ್ಲ. ಮದುವೆ, ಬೋರ್‌ವೆಲ್, ಎಲ್ಲವೂ ಹೀಗೇ ತೀರ್ಮಾನವಾಗಿದ್ದವು. ಡಿಗ್ರಿಯ ಪ್ರಶ್ನೆ ಬಂದದ್ದು ಇದೇ ಮೊದಲು.

ಯಾರ ವಿಷಯವೋ ಅವರ ಕೈಯಲ್ಲಿ ಬೆಳೆದ ಟಗರೇ ಆಗಬೇಕು ಎಂಬುದು ಕಟ್ಟಳೆ. ಗಂಗಾಳ ಕೈಯಲ್ಲಿ ಬೆಳೆದದ್ದು ರಾಜ. ತಾಯಿ ಸತ್ತ ಮರಿಗೆ ಬಾಟ್ಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಪರೀಕ್ಷೆಗೆ ಓದುವಾಗ ಅದು ಅವಳ ಪುಸ್ತಕದ ಮೂಲೆ ಮೆಲ್ಲುತ್ತ ಪಕ್ಕದಲ್ಲೇ ಮಲಗುತ್ತಿತ್ತು. "ಅಜ್ಜೀ, ರಾಜ ಬ್ಯಾಡ," ಎಂದು ಅವಳು ಅತ್ತಳು. ಯಾರು ಕೇಳುತ್ತಾರೆ?

ಭಾನುವಾರ ಗೋವಿಂದರಾಜ್ ಮೊದಲು ಚೊಂಬು ಎತ್ತಿದ. "ಸ್ವಾಮೀ, ಬಿ.ಎಡ್.!" ನೀರು ಬಿತ್ತು. ರಾಜ ಮೆಲುಕು ಹಾಕಿತು. ಇನ್ನೊಂದು ಚೊಂಬು ಹೊಯ್ದ. ರಾಜ ಅವನ ಪಂಚೆಯನ್ನು ಮೂಸಿ ನೋಡಿ ಮುಖ ತಿರುಗಿಸಿತು.

"ಅತ್ಲಾಗ್ ಸರೀರಿ ಬಾವ, ನಾನು ನೋಡ್ತೀನಿ," ಎಂದು ಧನಶೇಖರ್ ಮುಂದೆ ಬಂದ. "ಗ್ರೂಪ್ ಫೋರ್!" ಇಲ್ಲ. "ಗ್ರೂಪ್ ಟೂ!" ಇಲ್ಲ. ಬ್ಯಾಂಕು, ರೈಲ್ವೆ, ಪೊಲೀಸು ಎಂದು ತನ್ನ ಸೆಂಟರಿನ ಬೋರ್ಡಿನಲ್ಲಿದ್ದದ್ದನ್ನೆಲ್ಲ ಒದರಿದ. ಅಂಗಿ ಒದ್ದೆಯಾದದ್ದು ಅವನದೇ. ಕೊನೆಗೆ ಅಜ್ಜಿ ತಾನೇ ನೀರು ಹೊಯ್ದು "ಮದ್ವೆ?" ಎಂದಳು. ರಾಜ ಅದಕ್ಕೂ ಜಗ್ಗಲಿಲ್ಲ.

ಅಜ್ಜಿ ಹಣೆ ಚಚ್ಚಿಕೊಂಡಳು. "ಡಿಗ್ರಿ ಓದಿದೋರ್ಗೆ ದ್ಯಾವ್ರತ್ರಾನೂ ಕೆಲ್ಸ ಇಲ್ವಲ್ಲಪ್ಪೋ!"

ಗಂಗಾಳಿಗೆ ಅನುಮಾನ ಬಂತು. ಒಂದು ಹನಿ ತುಂತುರು ಬಿದ್ದರೂ ಕೊಡವಿ ಇಡೀ ದೊಡ್ಡಿಯನ್ನು ನೆನೆಸುವ ರಾಜ ಇವತ್ತು ಯಾಕೆ ಹೀಗೆ? ಕುತ್ತಿಗೆ ತಬ್ಬುವವಳ ಹಾಗೆ ಬಗ್ಗಿ ಕಿವಿಯೊಳಗೆ ಬೆರಳು ಹಾಕಿದಳು. ಬೇವಿನೆಣ್ಣೆ ಹಚ್ಚಿ ಹೊಸೆದ ಕರಿ ಉಣ್ಣೆ ಕೈಗೆ ಬಂತು. ಇನ್ನೊಂದು ಕಿವಿಯಲ್ಲೂ ಅಷ್ಟೇ. ಕುರಿಗೆ ಕಿವಿ ಹುಣ್ಣಾದಾಗ ತನ್ನ ಕಂಬಳಿಯ ಅಂಚು ಕಿತ್ತು ಹೀಗೆ ಹೊಸೆದು ಇಡುವವನು ಊರಿಗೆಲ್ಲ ಒಬ್ಬನೇ. ತಲೆ ಎತ್ತಿ ನೋಡಿದಳು. ನಂಜಪ್ಪ ಬೇವಿನ ಮರಕ್ಕೆ ಒರಗಿ, ಅವಳ ಕೈಯನ್ನೇ ನೋಡುತ್ತ ನಿಂತಿದ್ದ. ದೇವರು ಯಾವುದಕ್ಕೂ ಒಪ್ಪದಿದ್ದರೆ ಮಗಳು ಮನೆಯಲ್ಲೇ ಉಳಿಯುತ್ತಾಳೆ, ಅಷ್ಟೇ ಅವನ ಲೆಕ್ಕ.

ಗಂಗಾಳಿಗೆ ಸಿಟ್ಟೂ ಬಂತು, ಮರುಕವೂ ಬಂತು. ಉಣ್ಣೆಯನ್ನು ಹಾಗೇ ಇಟ್ಟರೆ ರಾಜ ಉಳಿಯುತ್ತಿತ್ತು, ಸೋಮವಾರದ ಕೆಲಸ ಹೋಗುತ್ತಿತ್ತು. ಅಪ್ಪನ ಮರ್ಯಾದೆ ತೆಗೆಯಲು ಅವಳಿಗೆ ಮನಸ್ಸಾಗಲಿಲ್ಲ. ಉಣ್ಣೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಚೊಂಬು ಎತ್ತಿದಳು.

"ಸೇಲಂ, ಜವ್ವರಿಸಿ ಮಿಲ್ಲು, ನಾಳೆ ಬೆಳಿಗ್ಗೆ," ಎಂದಳು. ಕಣ್ಣು ಮುಚ್ಚಿ ಹೊಯ್ದಳು.

ರಾಜ ಕೊಂಬಿನಿಂದ ಬಾಲದವರೆಗೆ ಕೊಡವಿತು. ಅರಿಶಿನದ ನೀರು ಎಲ್ಲರ ಮುಖಕ್ಕೂ ರಾಚಿತು.

ಮಧ್ಯಾಹ್ನದ ಊಟಕ್ಕೆ ಕೂತಾಗ ಧನಶೇಖರ್, "ಪ್ರೈವೇಟೇ ಮೇಲು ಅಂತ ನಾನು ಮೊದ್ಲಿಂದ ಏಳ್ತಾನೇ ಇದ್ದೆ," ಎನ್ನುತ್ತ ಮೂಳೆ ಚೀಪಿದ. ಗೋವಿಂದರಾಜ್ ಎರಡನೇ ಸಲ ಬಡಿಸಿಕೊಂಡ. ಗಂಗಾ ಎಲೆಯ ಮುಂದೆ ಕೂರಲೇ ಇಲ್ಲ. ನಂಜಪ್ಪನ ಎಲೆ ಬಡಿಸಿದ ಹಾಗೇ ಇತ್ತು.

ಸಂಜೆ ಪಾಲಕೋಡ್ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಬ್ಯಾಗು ಎತ್ತಿಕೊಟ್ಟ. ಅವಳು ಮುಷ್ಟಿ ಬಿಚ್ಚಿ ಉಣ್ಣೆಯನ್ನು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ನೋಡಿ ತಲೆ ತಗ್ಗಿಸಿದ.

"ನನ್ನ ಒಂದು ಮಾತು ಕೇಳಿದ್ರೆ ಸಾಕಾಗಿತ್ತು ಅಪ್ಪಾ," ಎಂದಳು. "ರಾಜ ಬದುಕಿರೋನು."

"ಔದಮ್ಮ," ಎಂದ ನಂಜಪ್ಪ.

ಬಸ್ಸು ಹೊರಟ ಮೇಲೆ ಕಂಡಕ್ಟರ್ ಅವಳ ಸೀಟಿನ ಹತ್ತಿರ ಬಂದು ನಿಂತ. "ಎಂಗಮ್ಮಾ ಪೋಗಣುಂ?"

ಎಲ್ಲಿಗೆ ಹೋಗಬೇಕಮ್ಮ ಎಂದು, ಡಿಗ್ರಿ ಮುಗಿದ ಮೇಲೆ ಅವಳನ್ನು ಕೇಳಿದವನು ಅವನೊಬ್ಬನೇ. ಗಂಗಾ ಕಣ್ಣೊರೆಸಿಕೊಂಡು, "ಸೇಲಂ, ಒಂದು," ಎಂದಳು.